ದಾಜಿಯ ಚಹಾ ಮತ್ತು ಲಂಡನ್ ಪೊಲೀಸರು

ಲಂಡನ್ನಿಗೆ ಹೋಗಿ ಬಂದವರೆಲ್ಲ ದೊಡ್ಡ ಗಡಿಯಾರದ ಮುಂದೆ ನಿಂತ ಫೋಟೊ ತೋರಿಸುತ್ತಾರೆ. ನನ್ನ ಮೊಬೈಲಿನಲ್ಲಿ ಅದೂ ಇದೆ. ಅದರಲ್ಲಿ ಗಡಿಯಾರ ಅರ್ಧ ಬಂದಿದೆ, ನಮ್ಮ ದಾಜಿಯ ಮಂಕಿ ಟೋಪಿ ಪೂರ್ತಿ ಬಂದಿದೆ. ಆದರೆ ನಾನು ನಿಮಗೆ ಹೇಳಬೇಕೆಂದಿರುವುದು ಇನ್ನೊಂದು ಫೋಟೊದ ವಿಷಯ. ಅದನ್ನು ತೆಗೆದದ್ದು ಒಂದು ಪಬ್ಬಿನ ಗಂಡಸರ ಶೌಚಾಲಯದಲ್ಲಿ. ಏಳು ಸಾವಿರ ಚಿಲ್ಲರೆ ಕಿಲೋಮೀಟರು ಹಾರಿ ಹೋಗಿ ಶೌಚಾಲಯದ ಗೋಡೆಯ ಫೋಟೊ ತೆಗೆದುಕೊಂಡು ಬಂದವನು ನಾನೊಬ್ಬನೇ ಇರಬೇಕು. ಅದನ್ನು ಹೆಮ್ಮೆಯಿಂದ ಊರಿಗೆಲ್ಲ ಕಳಿಸಿದವನಂತೂ ನಾನೊಬ್ಬನೇ.

ಬೀದರ್

ಸನ್ಮಾನ ನಡೆದದ್ದು ಬೀದರಿನ ಒಂದು ಹೋಟೆಲಿನ ಎಸಿ ಹಾಲಿನಲ್ಲಿ. ಹೆಗಲಿಗೆ ಶಾಲು, ಕೈಗೆ ಫಲಕ, ಕೊರಳಿಗೆ ನೆಗಡಿ ಬರುವಷ್ಟು ಒದ್ದೆ ಹಾರ. ಮೆಡಿಕಲ್ ಅಂಗಡಿ ಇಟ್ಟವನಿಗೆ ಸನ್ಮಾನ ಯಾಕೆ ಎಂದು ಕೇಳಬಹುದು. ಒಂದು ಕಂಪನಿಯ ಮಾಲನ್ನು ಇಡೀ ಜಿಲ್ಲೆಯಲ್ಲೇ ಅತಿ ಹೆಚ್ಚು ಮಾರಿದ್ದಕ್ಕೆ. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಕೆಲವರು ನಾಳೆಯೇ ಹೋಗಿ ಕೇಳುತ್ತೀರಿ. ಮಾಲು ಏನೆಂದು ಹೇಳುತ್ತೇನೆ: ಕುಡಿತ ಬಿಡಿಸುವ ಹನಿ. ಬೆರಳುದ್ದದ ಬಾಟಲಿ. ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಕುಡುಕನಿಗೆ ಗೊತ್ತಾಗದ ಹಾಗೆ ಚಹಾದಲ್ಲಿ ಹಾಕಿ ಕೊಡಬೇಕು. ಬೀದರಿನಿಂದ ಭಾಲ್ಕಿಗೆ, ಭಾಲ್ಕಿಯಿಂದ ಔರಾದಿಗೆ ಬಸ್ಸಿನಲ್ಲಿ ಹೋಗಿ ನೋಡಿ, ಗೋಡೆ ಗೋಡೆಗೂ ಅದೇ ಬರಹ. ನಮ್ಮ ಕಡೆ ಮಕ್ಕಳು ಅಕ್ಷರ ಕಲಿಯುವುದೇ ಆ ಗೋಡೆಗಳನ್ನು ಓದಿ.

ಹಿಂದಿನ ವರ್ಷ ಗೆದ್ದ ಡೀಲರುಗಳನ್ನು ಕಂಪನಿ ಬ್ಯಾಂಕಾಕಿಗೆ ಕರೆದುಕೊಂಡು ಹೋಗಿತ್ತು. ಅವರು ತಿರುಗಿ ಬಂದ ಮೇಲೆ ಅವರವರ ಮನೆಗಳಲ್ಲಿ ಏನು ನಡೆಯಿತೋ ಗೊತ್ತಿಲ್ಲ, ಈ ವರ್ಷ ಹೆಂಡಂದಿರೆಲ್ಲ ಸೇರಿ ಕಂಪನಿ ಸಾಹೇಬರಿಗೆ ಫೋನು ಮಾಡಿದರಂತೆ. ಅದಕ್ಕೇ ಲಂಡನ್. ಐದು ದಿನ, ಜೊತೆಗೆ ಒಬ್ಬರನ್ನು ಕರೆತರಬಹುದು. ನನ್ನ ಹೆಂಡತಿಗೆ ಮೊಣಕಾಲು ನೋವು, ಮೆಟ್ಟಿಲು ಕಂಡರೆ ಆಗದು, ಬರುವುದಿಲ್ಲ ಎಂದಳು. ಹಾಗಾಗಿ ಆ ಸೀಟು ದಾಜಿಗೆ ಹೋಯಿತು.

ದಾಜಿ ಎಂದರೆ ನಮ್ಮ ಕಡೆ ಅಕ್ಕನ ಗಂಡ. ನಮ್ಮ ದಾಜಿಯ ಹೆಸರು ಬಾಬುರಾವ್, ಊರು ಔರಾದ್. ಇಪ್ಪತ್ತೇಳು ವರ್ಷ ಲೈನ್‌ಮನ್ ಆಗಿದ್ದು, ಚಿಂತಾಕಿಯಿಂದ ಠಾಣಾ ಕುಶನೂರಿನ ತನಕ ನಿಂತಿರುವ ಕಂಬಗಳನ್ನೆಲ್ಲ ಹತ್ತಿ ಇಳಿದವರು. ಗಾಳಿ ಮಳೆಗೆ ಲೈಟು ಹೋದರೆ ಜನ ದೇವರನ್ನು ನೆನೆಯುವ ಮೊದಲು ಇವರಿಗೆ ಫೋನು ಹಚ್ಚುತ್ತಿದ್ದರು. ಸಂಜೆಯಾದರೆ ಕುಡಿಯುತ್ತಿದ್ದರು, ಅದೂ ನಿಜ. ಎರಡು ವರ್ಷದ ಹಿಂದೆ ಅವರಿಗೆ ಎದೆಯ ತ್ರಾಸು ಶುರುವಾಯಿತು. ಮುಖ ಕೆಂಪಾಗುವುದು, ಎದೆ ಡಬಡಬ ಹೊಡೆದುಕೊಳ್ಳುವುದು, ವಾಂತಿ. ಬೀದರಿನ ಡಾಕ್ಟರು ನೋಡಿದರು, ಉದಗೀರಿನ ಡಾಕ್ಟರು ನೋಡಿದರು, ಹೈದರಾಬಾದಿಗೂ ಹೋಗಿ ಬಂದರು. ಯಾರ ಕೈಗೂ ರೋಗ ಸಿಗಲಿಲ್ಲ. ಇಷ್ಟು ಜನರಿಗೆ ಸಿಗದ ರೋಗ ಇನ್ನೆಷ್ಟು ದೊಡ್ಡದಿರಬೇಕು ಎಂದು ದಾಜಿ ಹೆದರಿದರು. ಕಂಬದ ತುದಿಯಲ್ಲಿದ್ದಾಗ ಎದೆ ನಿಂತರೆ ಏನು ಗತಿ ಎಂದು ನೌಕರಿ ಬಿಟ್ಟು ಮನೆಯಲ್ಲಿ ಕೂತರು, ಆ ಹೆದರಿಕೆ ಮರೆಯಲು ಸಂಜೆ ಮತ್ತೆ ಕುಡಿದರು. ಆಗ ಅವರಿಗೆ ಐವತ್ತೆರಡು. ಲಂಡನ್ ಎಂದಾಗ, ಹೇಗೂ ಸಾಯುವವನು, ಒಮ್ಮೆ ವಿಮಾನ ಹತ್ತಿಯೇ ಸಾಯುತ್ತೇನೆ ಎಂದು ಪಾಸ್‌ಪೋರ್ಟು ಮಾಡಿಸಿದರು.

ಆ ರೋಗ ಎಲ್ಲಿಂದ ಬಂತೆಂದು ಔರಾದಿನಲ್ಲಿ ಒಬ್ಬಳಿಗೆ ಗೊತ್ತಿತ್ತು, ಭಾಲ್ಕಿಯಲ್ಲಿ ಒಬ್ಬನಿಗೆ. ಔರಾದಿನವಳು ನಮ್ಮ ಅಕ್ಕ ಸುಮಿತ್ರಾ. ಭಾಲ್ಕಿಯವನು ನಾನು.

ಭಾಲ್ಕಿ

ನನ್ನ ಅಂಗಡಿ ಇರುವುದು ಭಾಲ್ಕಿಯ ಬಸ್ ನಿಲ್ದಾಣದ ಎದುರಿಗೆ. ಹನಿ ಕೇಳಲು ಬರುವ ಹೆಂಗಸರು ಹೆಸರು ಹೇಳುವುದಿಲ್ಲ, ಸೆರಗು ಬಾಯಿಗೆ ಹಿಡಿದು "ಅದು ಕೊಡ್ರಿ" ಎನ್ನುತ್ತಾರೆ. ನಾನು ಅದನ್ನು ಹಳೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ. ಜೊತೆಗೆ ಎರಡು ಮಾತು ಪುಕ್ಕಟೆ: ಬೆಳಿಗ್ಗೆ ಚಹಾದಲ್ಲಿ ಹತ್ತು ಹನಿ, ಯಾರಿಗೂ ಹೇಳಬೇಡ. ಸಂಜೆ ಕುಡಿದು ವಾಂತಿ ಮಾಡಿಕೊಂಡರೆ ಹೆದರಬೇಡ, ಔಷಧ ಹತ್ತಿದೆ ಎಂದು ತಿಳಿ. ಬಾಟಲಿಯ ಮೇಲೆ ಶುದ್ಧ ಗಿಡಮೂಲಿಕೆ ಎಂದು ಬರೆದಿರುತ್ತದೆ. ಒಂದು ಗುಟುಕು ಸೆರೆ, ಅಂದರೆ ಹೆಂಡ, ಹೊಟ್ಟೆಗೆ ಬಿದ್ದ ಕೂಡಲೇ ಮನುಷ್ಯನ ಮುಖವನ್ನು ಟೊಮ್ಯಾಟೊ ಮಾಡುವ ಗಿಡಮೂಲಿಕೆ ಯಾವುದೆಂದು ನಾನು ಕಂಪನಿಯನ್ನು ಕೇಳಲಿಲ್ಲ, ಕಂಪನಿ ನನಗೆ ಹೇಳಲಿಲ್ಲ. ಒಬ್ಬರನ್ನೊಬ್ಬರು ಅಷ್ಟು ಗೌರವದಿಂದ ಕಾಣುತ್ತಿದ್ದೆವು.

ಅಕ್ಕನಿಗೆ ಕೊಟ್ಟಾಗಲೂ ಅದೇ ಎರಡು ಮಾತು ಹೇಳಿದ್ದೆ. ಆರು ತಿಂಗಳ ಮೇಲೆ ದಾಜಿ ನನ್ನ ಅಂಗಡಿಗೇ ಬಂದು ಎದೆ ಹಿಡಿದುಕೊಂಡು ಕೂತರು. ನಾನು ಗ್ಯಾಸಿನ ಗುಳಿಗೆ ಕೊಟ್ಟೆ. ಮುಂದಿನ ಸಲ ಬಂದಾಗ ತಾಕತ್ತಿನ ಟಾನಿಕ್ ಕೊಟ್ಟೆ. ಹನಿಯೂ ನನ್ನದೇ, ಗುಳಿಗೆಯೂ ನನ್ನದೇ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆಗ ನಾಚಿರಲಿಲ್ಲ. ಡಾಕ್ಟರುಗಳು ಪ್ರತಿ ಸಲವೂ, ಬೇರೆ ಏನಾದರೂ ಔಷಧ ತಗೋತೀರೇನು ಎಂದು ಕೇಳುತ್ತಿದ್ದರು. ದಾಜಿ ದೇವರಾಣೆ ಇಲ್ಲ ಎನ್ನುತ್ತಿದ್ದರು. ಪಾಪ, ಅವರು ಹೇಳಿದ್ದು ಸುಳ್ಳಲ್ಲ.

ಹೊರಡುವ ದಿನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ಗಂಡನ ಸ್ವೆಟರಿನ ಜೊತೆ ಒಂದು ಬಾಟಲಿಯನ್ನೂ ನನ್ನ ಕೈಗಿಟ್ಟಳು.

"ಶಿವರಾಜ, ಅಲ್ಲಿ ಪುಕ್ಕಟೆ ಸಿಗ್ತದಂತ ಹಗಲೂ ಕುಡೀತಾರ ಅವ್ರು. ಮುಂಜಾನಿ ಚಾದಾಗ ಹನಿ ಹಾಕೋದು ತಪ್ಪಿಸಬ್ಯಾಡ."

ನಾನು ಹೂಂ ಎಂದೆ. ತಮ್ಮನಾದವನು ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡೆ.

ಲಂಡನ್, ಮೊದಲ ದಿನ

ಹೋಟೆಲು ಊರ ಹೊರಗಿತ್ತು. ಕೋಣೆಯಲ್ಲಿ ನಮ್ಮ ಮನೆಯ ದೇವರ ಜಗಲಿಯಷ್ಟು ಜಾಗ. ಆದರೆ ನೀರು ಕಾಯಿಸುವ ಕೆಟಲು, ಚಹಾದ ಚೀಲ, ಸಕ್ಕರೆ ಪೊಟ್ಟಣ ಎಲ್ಲ ಇಟ್ಟಿದ್ದರು. ನನಗಂತೂ ಭಾರಿ ಅನುಕೂಲವಾಯಿತು. ಬೆಳಿಗ್ಗೆ ಎದ್ದು ಎರಡು ಕಪ್ಪು ಮಾಡಿದೆ. ಕಿಟಕಿ ಕಡೆ ಮುಖ ಮಾಡಿ ಒಂದರಲ್ಲಿ ಹತ್ತು ಹನಿ ಬಿಟ್ಟೆ. ದಾಜಿ ಹಾಸಿಗೆಯಲ್ಲೇ ಕೂತು ಕಪ್ಪು ತೆಗೆದುಕೊಂಡು, ನನ್ನ ಒಡಹುಟ್ಟಿದ ತಮ್ಮ ಕೂಡ ನನಗೆ ಹೀಗೆ ಚಹಾ ಮಾಡಿ ಕೊಟ್ಟಿಲ್ಲ ಶಿವರಾಜ ಎಂದರು. ನಾನು ಹಲ್ಲು ಕಿರಿದೆ.

ಚಹಾದ ವಿಷಯದಲ್ಲಿ ಆ ಊರಿಗೂ ನಮ್ಮ ಊರಿಗೂ ಆಗಿಬರುವುದಿಲ್ಲ. ಬೀದರಿನಲ್ಲಿ ಯಾರ ಮನೆಗೆ ಹೋದರೂ ಚಹಾ ಎಂದಾಗ ಬೇಡ ಎನ್ನಬೇಕು. ಅವರು ಇನ್ನೊಮ್ಮೆ ಹೇಳಬೇಕು, ನಾವು ಇನ್ನೊಮ್ಮೆ ಬೇಡ ಎನ್ನಬೇಕು. ಮೂರನೇ ಸಲ ಅವರು ಕೇಳುವುದೇ ಇಲ್ಲ, ತಂದು ಕೈಗಿಡುತ್ತಾರೆ, ನಾವು ಕುಡಿಯುತ್ತೇವೆ. ನಮ್ಮ ಬೇಡಕ್ಕೆ ಅಷ್ಟೇ ಬೆಲೆ. ಮಧ್ಯಾಹ್ನ ನಮ್ಮ ಗೈಡು ಹೆಂಗಸು ಚಹಾ ಬೇಕೆ ಎಂದಾಗ ನಾನು ರೂಢಿಯಂತೆ ಬೇಡ ಎಂದೆ. ಆಕೆ ಸರಿ ಎಂದು ತನ್ನ ಕಪ್ಪನ್ನಷ್ಟೇ ಹಿಡಿದು ಹೋಗಿಬಿಟ್ಟಳು. ನಾನು ಅರ್ಧ ಗಂಟೆ ಎರಡನೇ ಸಲ ಕೇಳಿಯಾಳೆಂದು ಅವಳ ಮುಖವನ್ನೇ ನೋಡುತ್ತಾ ಕೂತೆ. ಆ ದಿನ ಚಹಾ ಇಲ್ಲದೆ ತಲೆ ಸಿಡಿಯಿತು. ಎಂಥ ಜಿಪುಣ ದೇಶ ಎಂದುಕೊಂಡೆ.

ಸಂಜೆ ಗುಂಪನ್ನೆಲ್ಲ ಹೋಟೆಲಿನ ಪಕ್ಕದ ಪಬ್ಬಿಗೆ ಕರೆದುಕೊಂಡು ಹೋದರು. ದಾಜಿ ವಿಮಾನದ ಸುಸ್ತಿಗೆ ಕೋಣೆಯಲ್ಲೇ ಮಲಗಿದ್ದರು. ನಾನು ಶೌಚಾಲಯಕ್ಕೆ ಹೋದೆ. ಗೋಡೆಯ ಮೇಲೆ ಕಣ್ಣಿಗೆ ಕಟ್ಟುವಂಥ ದೊಡ್ಡ ಚಿತ್ರ: ಒಂದು ಗಾಜಿನ ಲೋಟ, ಮೇಲೊಂದು ಕೈ, ಕೈಯಿಂದ ಲೋಟಕ್ಕೆ ಬೀಳುತ್ತಿರುವ ಹನಿ. ಥೇಟ್ ನಮ್ಮ ಕಂಪನಿಯ ಜಾಹೀರಾತು. ನಮ್ಮದರಲ್ಲಿ ಬಳೆ ತೊಟ್ಟ ಕೈ ಇರುತ್ತದೆ, ಲೋಟದ ಬದಲು ಕಪ್ಪು ಇರುತ್ತದೆ, ಅಷ್ಟೇ ಫರಕು. ಕೆಳಗಿನ ಸಣ್ಣ ಇಂಗ್ಲಿಷ್ ಓದಲು ಕನ್ನಡಕ ಇರಲಿಲ್ಲ. ಓದುವ ಅಗತ್ಯವಾದರೂ ಏನಿತ್ತು, ಇಪ್ಪತ್ತು ವರ್ಷದ ಅನುಭವಸ್ಥ ನಾನು. ಫೋಟೊ ತೆಗೆದು ನಮ್ಮ ಡೀಲರುಗಳ ಗ್ರೂಪಿಗೆ ಕಳಿಸಿದೆ. ಜೊತೆಗೆ ಬರೆದೆ: ಲಂಡನ್ನಿನಲ್ಲೂ ನಮ್ಮ ಮಾಲಿನಂಥದ್ದು ಬಂದಿದೆ, ಜಾಹೀರಾತು ಹಾಕಿದ ಜಾಗ ನೋಡಿ, ಕುಡುಕ ನಿಂತಲ್ಲೇ ಓದಬೇಕು, ಬುದ್ಧಿ ಅಂದರೆ ಇದು.

ಬೀದರಿನಿಂದ ಹುಮನಾಬಾದಿನಿಂದ ಹೆಬ್ಬೆರಳುಗಳ ಮಳೆಯೇ ಸುರಿಯಿತು. ನಮ್ಮ ಗುಂಪಿನ ಜೊತೆಗೇ ಬಂದಿದ್ದ ಕಂಪನಿ ಸಾಹೇಬರು ಹೊರಗಿನ ಮೇಜಿನಿಂದಲೇ, ಮುಂದಿನ ವರ್ಷ ನಾವೂ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹಾಕಿಸೋಣ ಎಂದು ಉತ್ತರ ಬರೆದರು.

ಲಂಡನ್, ಎರಡನೇ ದಿನ

ಬೆಳಿಗ್ಗೆ ಮತ್ತೆ ಹತ್ತು ಹನಿ. ಹಗಲೆಲ್ಲ ಸೇತುವೆ, ಅರಮನೆ, ಗಡಿಯಾರ. ನಮ್ಮ ಬೀದರಿನ ಕೋಟೆಯ ಮುಂದೆ ಇದೇನು ಮಹಾ ಎಂದು ದಾಜಿ ಪ್ರತಿ ಕಟ್ಟಡದ ಮುಂದೆಯೂ ಹೇಳಿದರು. ಅವರು ನಿಜವಾಗಿ ಕತ್ತೆತ್ತಿ ನೋಡುತ್ತಿದ್ದದ್ದು ತಂತಿಗಳನ್ನು. ಎಲ್ಲವನ್ನೂ ನೆಲದೊಳಗೆ ಹಾಕಿದ್ದಾರೆ, ಇಲ್ಲಿ ಲೈನ್‌ಮನ್ನರು ಏನು ಮಾಡುತ್ತಾರೆ ಪಾಪ ಎಂದು ಮರುಗಿದರು.

ಸಂಜೆ ಆರಕ್ಕೆ ಅದೇ ಪಬ್ಬು. ಅಲ್ಲಿ ಬೇಸಿಗೆಯಲ್ಲಿ ಆರು ಗಂಟೆಯೆಂದರೆ ನಮ್ಮ ಮಧ್ಯಾಹ್ನ ಮೂರರ ಬಿಸಿಲು. ಜನ ಲೋಟ ಹಿಡಿದು ಹೊರಗೆ ನಿಂತಿದ್ದರು. ಒಬ್ಬ ಹುಡುಗಿ ಮಾತಾಡುತ್ತಲೇ ಲೋಟದ ಬಾಯಿಗೆ ಅಂಗೈ ಮುಚ್ಚಿದ್ದಳು. ಇನ್ನೊಬ್ಬಳು ಲೋಟಕ್ಕೆ ರಬ್ಬರಿನ ಮುಚ್ಚಳವನ್ನೇ ಹಾಕಿದ್ದಳು. ಇಲ್ಲಿ ನೊಣ ಬಹಳ ಇರಬೇಕು ಎಂದು ನಾನು ಸುತ್ತ ನೋಡಿದೆ, ಒಂದೂ ಕಾಣಲಿಲ್ಲ.

ದಾಜಿಗೆ ಅಲ್ಲೊಬ್ಬ ಗೆಳೆಯ ಸಿಕ್ಕ. ರಾನ್ ಎಂಬ ಎಪ್ಪತ್ತರ ಮುದುಕ. ಇವರಿಗೆ ಇಂಗ್ಲಿಷ್ ಬರದು, ಅವನಿಗೆ ಕನ್ನಡ ಬರದು. ಆದರೆ ದಾಜಿ ತಮ್ಮ ಅಂಗೈಯ ಸುಟ್ಟ ಕಲೆ ತೋರಿಸಿ ಕಂಬ ಹತ್ತುವ ಹಾಗೆ ಕೈ ಮಾಡಿದರು. ಮುದುಕ ತನ್ನ ತೋಳು ಮೇಲೆತ್ತಿ ಅಂಥದೇ ಕಲೆ ತೋರಿಸಿದ. ಅವನೂ ಹಳ್ಳಿಗಾಡಿನ ಕಡೆ ಲೈನ್‌ಮನ್ ಆಗಿದ್ದವನಂತೆ. ಇಬ್ಬರೂ ಕುರ್ಚಿ ಎಳೆದುಕೊಂಡು, ಶಾಕ್ ಹೊಡೆದದ್ದು ಹೇಗೆ, ಬಿದ್ದದ್ದು ಹೇಗೆ ಎಂದು ಕೈಯಲ್ಲೇ ಆಡಿ ತೋರಿಸುತ್ತಾ ನಕ್ಕರು. ಎರಡು ವರ್ಷದಲ್ಲಿ ದಾಜಿ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ರಾನ್ ಎದ್ದು ಹೋಗಿ ದಾಜಿಗೆಂದು ಒಂದು ಬಿಯರು ತಂದ. ದಾಜಿ ಮುಕ್ಕಾಲು ಕುಡಿದರು.

ಹತ್ತು ನಿಮಿಷವಾಗಿರಬೇಕು. ಮುಖ ಕೆಂಪಾಯಿತು, ಕಣ್ಣು ಕೆಂಪಾಯಿತು, ಎದೆ ಹಿಡಿದುಕೊಂಡು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತರು. ವಾಂತಿಯಾಯಿತು. ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು.

"ಶಿವರಾಜ, ನಾ ಸತ್ರ ಇಲ್ಲಿ ಹೂಳಿಸಬ್ಯಾಡ. ಇಲ್ಲಿ ಮಣ್ಣು ಭಾಳ ಥಂಡಿ ಅದ. ಔರಾದಕ್ಕ ಒಯ್ಯಿ."

ನಮ್ಮ ಗುಂಪಿನ ಒಬ್ಬ ಡೀಲರು ಧಾವಿಸಿ ಬಂದು, ಕಾಲಿನ ಬೂಟು ಬಿಚ್ಚಿ ದಾಜಿಯ ಮೂಗಿಗೆ ಹಿಡಿದ. ನಮ್ಮ ಕಡೆ ಬಿದ್ದವರಿಗೆಲ್ಲ ಮೊದಲ ಚಿಕಿತ್ಸೆ ಅದೇ. ಇಡೀ ಪಬ್ಬು ಬೆರಗಾಗಿ ನೋಡಿತು. ಅಷ್ಟರಲ್ಲಿ ಗಲ್ಲಾದ ಹಿಂದಿದ್ದ ಹುಡುಗಿ ಓಡಿ ಬಂದಳು. ಆಕೆ ದಾಜಿಯನ್ನು ಮಗ್ಗುಲಿಗೆ ಮಲಗಿಸಿದಳು, ಯಾರಿಗೋ ಫೋನು ಮಾಡಿಸಿದಳು, ಆಮೇಲೆ ದಾಜಿಯ ಲೋಟದಲ್ಲಿ ಉಳಿದಿದ್ದ ಬಿಯರಿನ ಮೇಲೆ ಒಂದು ತಟ್ಟೆ ಮುಚ್ಚಿ, ಯಾರೂ ಮುಟ್ಟಕೂಡದು ಎಂದು ಒಳಗಿಟ್ಟಳು. ಇಷ್ಟಕ್ಕೂ ಆಕೆಗೆ ಎರಡು ನಿಮಿಷ ಹಿಡಿಯಲಿಲ್ಲ. ಹೀಗಾದಾಗ ಏನು ಮಾಡಬೇಕೆಂದು ಅಲ್ಲಿನ ಕೆಲಸಗಾರರಿಗೆಲ್ಲ ಕಲಿಸಿರುತ್ತಾರಂತೆ. ನಾನು ಇಪ್ಪತ್ತು ವರ್ಷ ಔಷಧ ಮಾರಿದವನು, ಬೂಟು ಹಿಡಿದವನ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದೆ.

ಆಂಬುಲೆನ್ಸು ಬಂತು, ಬೆನ್ನಿಗೇ ಒಬ್ಬ ಪೊಲೀಸ್ ಹೆಂಗಸು ಬಂದಳು. ಆಂಬುಲೆನ್ಸಿನವರು ದಾಜಿಯ ಎದೆಗೆ ತಂತಿ ಹಚ್ಚಿ ಕಾಗದ ತೆಗೆದು ನೋಡಿದರು. ಹೃದಯಕ್ಕೆ ಏನೂ ಆಗಿಲ್ಲ, ಹೊಟ್ಟೆಗೆ ಏನೋ ಹೋಗಿರಬೇಕು ಎಂದರು. ಪೊಲೀಸ್ ಹೆಂಗಸು ನನ್ನ ಕಡೆ ತಿರುಗಿ, ಇವರ ಭಾಷೆ ನಿಮಗೆ ಬರುತ್ತದಲ್ಲ, ಇವರ ಪಾನೀಯದಲ್ಲಿ ಯಾರಾದರೂ ಏನಾದರೂ ಬೆರೆಸಿದರೇ ಕೇಳಿ ಎಂದಳು.

ಕೇಳಬೇಕಾದವನು ನಾನು, ಉತ್ತರ ಗೊತ್ತಿದ್ದವನೂ ನಾನು. ಬಾಟಲಿ ನನ್ನ ಕೋಟಿನ ಒಳಜೇಬಿನಲ್ಲಿತ್ತು. ನಾನು ದಾಜಿಯ ಕಿವಿಯ ಹತ್ತಿರ ಬಗ್ಗಿ, "ಗ್ಯಾಸ್ ಆಗ್ಯಾದೇನ್ರಿ ದಾಜಿ?" ಎಂದು ಕೇಳಿದೆ. ದಾಜಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಪೊಲೀಸಿಗೆ ನಾನು, ಇಲ್ಲವಂತೆ ಎಂದೆ.

ಆಕೆ ಅದನ್ನು ಬರೆದುಕೊಂಡು, ಆ ಬಿಯರು ತಂದು ಕೊಟ್ಟವರು ಯಾರು ಎಂದು ಕೇಳಿದಳು. ಎಲ್ಲರೂ ರಾನ್ ಕಡೆ ನೋಡಿದರು.

ಆ ಮುದುಕನ ಮುಖ ಈಗಲೂ ನನಗೆ ಕಾಣುತ್ತದೆ. ಪೊಲೀಸ್ ಹೆಂಗಸು ಅವನನ್ನು ಒಂದು ಮೂಲೆಗೆ ಕರೆದು ಜೇಬು ಖಾಲಿ ಮಾಡಿ ಎಂದಳು. ಕರವಸ್ತ್ರ, ಬೀಗದ ಕೈ, ಕಂಬದ ಮೇಲೆ ನಿಂತ ತನ್ನದೇ ಒಂದು ಹಳೆಯ ಫೋಟೊ, ಎಲ್ಲವನ್ನೂ ಮೇಜಿನ ಮೇಲಿಟ್ಟ. ಇಷ್ಟು ಹೊತ್ತು ಅವನ ಜೊತೆ ನಗುತ್ತಿದ್ದ ಜನ ತಮ್ಮ ತಮ್ಮ ಲೋಟ ಎತ್ತಿಕೊಂಡು ದೂರ ಸರಿದರು. ಕಂಪನಿ ಸಾಹೇಬರು ನನ್ನ ತೋಳು ಚಿವುಟಿ, ಸುಮ್ಮನಿರಿ, ಮೂರ್ನಾಲ್ಕು ದಿನಕ್ಕೆ ನಾವು ಊರಲ್ಲಿರುತ್ತೇವೆ ಎಂದು ಪಿಸುಗುಟ್ಟಿದರು. ಸುಮ್ಮನಿರಲು ನನಗೂ ಬಹಳ ಮನಸ್ಸಿತ್ತು. ಸತ್ಯ ಹೇಳುವ ಚಟ ನನಗೆ ಮೊದಲಿನಿಂದಲೂ ಇಲ್ಲ. ಆದರೆ ದಾಜಿ ನೆಲದ ಮೇಲೆ ಮಲಗಿಯೇ ರಾನ್ ಕಡೆ ಬೆರಳು ಮಾಡಿ, "ಅವನಿಗೇನ್ ಮಾಡ್ಲತ್ತಾರ? ಅವ ಛಲೋ ಮನಷ್ಯ, ಬಿಡ್ರಿ ಅವನಿಗೆ" ಎಂದು ಕನ್ನಡದಲ್ಲೇ ಪೊಲೀಸರನ್ನು ಬೇಡಿಕೊಳ್ಳುತ್ತಿದ್ದರು. ಅದನ್ನು ಕೇಳಿಯೂ ನಿಲ್ಲಲು ನನ್ನಿಂದ ಆಗಲಿಲ್ಲ. ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

ನನಗೆ ಬರುವ ಇಂಗ್ಲಿಷಿನಲ್ಲಿ ವಿವರಿಸಿದೆ. ಇದು ನನ್ನ ವ್ಯಾಪಾರ. ರುಚಿ ಇಲ್ಲ, ವಾಸನೆ ಇಲ್ಲ, ಅವರಿಗೆ ಗೊತ್ತೇ ಆಗುವುದಿಲ್ಲ. ಸಾವಿರಾರು ಜನರಿಗೆ ಕೊಟ್ಟಿದ್ದೇನೆ. ಬಹುಮಾನ ಬಂದಿದೆ. ಅದಕ್ಕೇ ಇಲ್ಲಿಗೆ ಬಂದಿದ್ದೇನೆ. ನಾನು ಅಂಗಡಿಯಲ್ಲಿ ಮಾಲು ಹೊಗಳುವ ಮಾತುಗಳೇ ಇವೆಲ್ಲ, ಒಂದೊಂದನ್ನೂ ಆಕೆ ಕೈಬಿಡದೆ ಬರೆದುಕೊಂಡಳು. ಆಮೇಲೆ ಕೈಗೆ ಗ್ಲೌಸು ಹಾಕಿಕೊಂಡು ಬಾಟಲಿ ಎತ್ತಿ ಲೇಬಲ್ಲನ್ನು ಗಟ್ಟಿಯಾಗಿ ಓದಿದಳು. ರೋಗಿಗೆ ತಿಳಿಯದಂತೆ ಕೊಡಬಹುದು ಎಂಬ ಸಾಲು ಬಂದಾಗ ಒಮ್ಮೆ ನಿಲ್ಲಿಸಿ ನನ್ನ ಮುಖ ನೋಡಿದಳು. ನೀವು ಶೌಚಾಲಯದಲ್ಲಿರುವ ನಮ್ಮ ಪೋಸ್ಟರು ನೋಡಿಲ್ಲವೇ ಎಂದು ಕೇಳಿದಳು. ನೋಡಿದ್ದೇನೆ ಮೇಡಂ, ಫೋಟೊ ಕೂಡ ತೆಗೆದಿದ್ದೇನೆ ಎಂದು ಮೊಬೈಲು ತೋರಿಸಿದೆ. ಈಗ ಕನ್ನಡಕ ಇತ್ತು. ಯಾರದೇ ಪಾನೀಯದಲ್ಲಿ ಅವರ ಒಪ್ಪಿಗೆ ಇಲ್ಲದೆ ಏನನ್ನೇ ಬೆರೆಸುವುದು ಅಪರಾಧ, ತಮಾಷೆಗಾದರೂ ಸರಿ ಎಂದು ಕೆಳಗೆ ಬರೆದಿತ್ತು. ಅದನ್ನು ನಾನು ಮೂರು ತಾಲೂಕಿಗೆ ಹಂಚಿಯಾಗಿತ್ತು.

ದಾಜಿ ಅಷ್ಟು ಹೊತ್ತಿಗೆ ಎದ್ದು ಕೂತಿದ್ದರು. ಬಾಟಲಿ ಅವರಿಗೂ ಪರಿಚಯದ್ದೇ, ನನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ನೂರು ಸಲ ನೋಡಿದ್ದರು. ಏನೂ ಕೂಗಾಡಲಿಲ್ಲ.

"ಎಷ್ಟು ದಿನದಿಂದ?"

"ಎರಡು ವರ್ಷ ಆತ್ರಿ ದಾಜಿ. ಅಕ್ಕ ಹಾಕ್ತಿದ್ಳು. ನಾ ಕೊಡ್ತಿದ್ದೆ."

"ಮತ್ತ ನನ್ನ ಎದಿ?"

"ಎದಿಗಿ ಏನೂ ಆಗಿಲ್ರಿ."

ಅವರು ತಮ್ಮ ಅಂಗೈಯ ಸುಟ್ಟ ಕಲೆ ಉಜ್ಜಿಕೊಂಡರು. ಆಮೇಲೆ ಕೇಳಿದರು.

"ಹಂಗಾದ್ರ ನಾ ಕಂಬ ಯಾಕ ಬಿಟ್ಟೆ?"

ರಾನ್ ತನ್ನ ಸಾಮಾನು ಜೇಬಿಗೆ ತುಂಬಿಕೊಂಡು ಬಂದು ದಾಜಿಯ ಪಕ್ಕ ನೆಲದ ಮೇಲೆಯೇ ಕೂತ.

ಲಂಡನ್, ಮೂರನೇ ದಿನ

ಉಳಿದವರು ಮ್ಯೂಸಿಯಂ ನೋಡಿದರು, ನಾನೂ ದಾಜಿಯೂ ಪೊಲೀಸ್ ಠಾಣೆ ನೋಡಿದೆವು. ಸ್ವಚ್ಛವಾಗಿತ್ತು. ಅದೇ ಹೆಂಗಸು ಎದುರಿಗೆ ಕೂತು ನಿಧಾನವಾಗಿ ತಿಳಿಸಿ ಹೇಳಿದಳು: ಒಳ್ಳೆಯದಕ್ಕೆಂದು ಹಾಕಿದರೂ ತಪ್ಪು, ಮನೆಯವರೇ ಹಾಕಿದರೂ ತಪ್ಪು, ಬಿಯರು ಕುಡಿಯುವವನ ಲೋಟಕ್ಕೆ ಹೇಳದೆ ಇನ್ನಷ್ಟು ಸೆರೆ ಸುರಿದರೂ ತಪ್ಪು. ಹತ್ತು ವರ್ಷದ ತನಕ ಜೈಲಾಗಬಹುದು. ನಿಮ್ಮ ದೇಶದಲ್ಲಿ ಇದು ಅಪರಾಧವಲ್ಲವೇ ಎಂದು ಕೇಳಿದಳು. ನಾನು, ಇಲ್ಲ ಮೇಡಂ, ನಮ್ಮಲ್ಲಿ ಇದನ್ನು ಗೋಡೆಯ ಮೇಲೆ ಬರೆಸುತ್ತೇವೆ ಎಂದೆ. ಅದನ್ನೂ ಬರೆದುಕೊಂಡಳು.

ಊರಿಗೆ ಬಂದ ಮೇಲೆ ಒಬ್ಬ ವಕೀಲರನ್ನು ಕೇಳಿದೆ. ನೋವಾಗಬಹುದೆಂದು ಗೊತ್ತಿದ್ದೂ ಇಂಥದ್ದನ್ನು ಕುಡಿಸಿದರೆ ನಮ್ಮಲ್ಲೂ ಹತ್ತು ವರ್ಷದ ತನಕ ಶಿಕ್ಷೆ ಇದೆಯಂತೆ, ಬ್ರಿಟಿಷರ ಕಾಲದಿಂದಲೂ ಇದೆಯಂತೆ. ನಮ್ಮಲ್ಲಿ ಕಾನೂನು ಪುಸ್ತಕದಲ್ಲಿದೆ, ಜಾಹೀರಾತು ಗೋಡೆಯ ಮೇಲಿದೆ. ಜನ ಓದುವುದು ಗೋಡೆಯನ್ನು.

ನನ್ನ ಅನುವಾದದ ಮೇಲೆ ಆ ಪೊಲೀಸರಿಗೆ ನಂಬಿಕೆ ಹೋಗಿತ್ತು, ಹೋಗಬೇಕಾದದ್ದೇ. ದಾಜಿಯ ಹೇಳಿಕೆಗೆ ಫೋನಿನಲ್ಲಿ ಮೈಸೂರು ಕಡೆಯ ಒಬ್ಬ ಹೆಣ್ಣುಮಗಳನ್ನು ಹಿಡಿದರು. ಆಕೆ ಅಚ್ಚುಕಟ್ಟಾದ ಕನ್ನಡದಲ್ಲಿ, ತಾವು ಇವರ ವಿರುದ್ಧ ದೂರು ನೀಡಲು ಇಚ್ಛಿಸುತ್ತೀರಾ ಎಂದು ಕೇಳಿದಳು. ಕೊಟ್ಟರೆ ಇವನನ್ನು ಇಲ್ಲೇ ಇಟ್ಟುಕೊಳ್ಳುತ್ತಾರೇನು ಎಂದು ದಾಜಿ ವಿಚಾರಿಸಿದರು. ಆ ಸಾಧ್ಯತೆ ಇದೆ ಎಂದಳು. ದಾಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬ್ಯಾಡ ತಂಗಿ. ಪಾಸ್‌ಪೋರ್ಟು, ಟಿಕೆಟು ಎಲ್ಲಾ ಇವನ ಕಡೀನೇ ಅವ. ಇವನಿಗೆ ಇಲ್ಲೇ ಇಟ್ಕೊಂಡ್ರ ನಾ ಮನಿಗಿ ಹ್ಯಾಂಗ ಹೋಗ್ಲಿ?"

ಅದನ್ನು ಕ್ಷಮೆ ಎಂದು ತಿಳಿಯುವಷ್ಟು ದಡ್ಡ ನಾನಲ್ಲ. ಪೊಲೀಸರು ಬಾಟಲಿ ಇಟ್ಟುಕೊಂಡು, ಬರೆಸಿಕೊಂಡು, ಎಚ್ಚರಿಕೆ ಕೊಟ್ಟು ಬಿಟ್ಟರು. ದಾಜಿಗೆ ಒಂದು ಕರಪತ್ರ ಕೊಟ್ಟರು. ಅವರಿಗೆ ಅದರ ಒಂದಕ್ಷರವೂ ಓದಲು ಬಾರದು, ಆದರೂ ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮುಂದಿನ ಎರಡು ದಿನ, ವಿಮಾನದ ಹನ್ನೊಂದು ತಾಸು, ಹೈದರಾಬಾದಿನಿಂದ ಔರಾದಿನ ತನಕದ ಕಾರಿನ ಹಾದಿ, ಸೀಲು ಒಡೆಯದ ನೀರಿನ ಬಾಟಲಿ ಬಿಟ್ಟು ಅವರು ಏನನ್ನೂ ಕುಡಿಯಲಿಲ್ಲ. ಗಗನಸಖಿ ನಗುತ್ತಾ ತಂದ ಚಹಾವನ್ನೂ ಮುಟ್ಟಲಿಲ್ಲ.

ಔರಾದ್

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಲಂಡನ್ ಹೇಗಿತ್ತು ಎಂದು ಕೇಳುವ ಮೊದಲೇ ದಾಜಿ ಚಪ್ಪಲಿ ಬಿಡುತ್ತಾ, ಹನಿಯ ವಿಷಯ ತಿಳಿಯಿತು ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಸೂಟ್‌ಕೇಸಿನ ಚಕ್ರ ನೋಡಿದೆ.

ಅವಳು ಅಳಲಿಲ್ಲ, ಸಿಟ್ಟಿಗೆ ಬಂದಳು. ಕುಡಿಯಬೇಡಿ ಎಂದು ಹೇಳಿ ಹೇಳಿ ತನ್ನ ನಾಲಿಗೆ ಸವೆದು ಹೋಯಿತು, ಗಟಾರದಲ್ಲಿ ಬಿದ್ದಾಗಲೆಲ್ಲ ಎತ್ತಿಕೊಂಡು ಬಂದವಳು ತಾನೇ, ಓಣಿಯ ಮುಂದೆ ಮಾನ ಹೋದದ್ದು ತನ್ನದೇ, ಇನ್ನೇನು ಮಾಡಬೇಕಿತ್ತು ಹೇಳಿ ಎಂದಳು. ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ದಾಜಿಯೂ ಅದನ್ನು ಒಪ್ಪಿದರು.

"ನೀ ಎತ್ಕೊಂಡು ಬಂದದ್ದು ಖರೆ ಅದ, ಸುಮಿತ್ರಾ. ಆದ್ರ ನಾ ಸಾಯ್ತೀನಿ, ಸಾಯ್ತೀನಿ ಅಂತ ಅಳುವಾಗ ಬಾಜೂಕೇ ಇದ್ದಿ. ಅವಾಗರೆ ಒಂದ್ ಮಾತ ಹೇಳ್ಬೇಕಿತ್ತು."

ಅಕ್ಕ ಹೊಸ್ತಿಲ ಮೇಲೆ ಕೂತುಬಿಟ್ಟಳು. ಔಷಧ ಹತ್ತಿದೆ, ಹೆದರಬೇಡ ಎಂದು ಶಿವರಾಜ ಹೇಳಿದ್ದ ಎಂದಳು. ನನಗೆ ಅಲ್ಲಿಂದ ಹೋಗಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

ಸಂಜೆ ಪಕ್ಕದ ಮನೆಯ ರಿಟೈರ್ ಆದ ಪೊಲೀಸ್ ಜಮಾದಾರರು ಲಂಡನ್ ಸುದ್ದಿ ಕೇಳಲು ಬಂದರು. ಓಣಿಯ ಜಗಳಗಳನ್ನೆಲ್ಲ ಬಗೆಹರಿಸುವವರು ಅವರೇ. ದಾಜಿ ಕರಪತ್ರ ತೋರಿಸಿ ನಡೆದದ್ದನ್ನೆಲ್ಲ ಹೇಳಿ, ನಮ್ಮಲ್ಲಿ ಇದಕ್ಕೆ ಕೇಸು ಆಗುತ್ತದೇನು ಎಂದು ಕೇಳಿದರು. ಜಮಾದಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾನೂನೇನೋ ಉಂಟು, ಆದರೆ ಗಂಡ ಉದ್ಧಾರ ಆಗಲಿ ಎಂದು ಹೆಂಡತಿ ಎರಡು ಹನಿ ಹಾಕಿದರೆ ಅದೊಂದು ಕೇಸೇನು ಬಾಬುರಾವ್, ಆ ಬಿಳಿಯರಿಗೆ ಬೇರೆ ಕೆಲಸವಿಲ್ಲ ಎಂದರು. ಹೋಗುವಾಗ ನನ್ನನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿ, ತಮ್ಮ ಅಳಿಯ ಬಹಳ ಕುಡಿಯುತ್ತಾನೆ, ಅಂಥವು ಎರಡು ಬಾಟಲಿ ಕಳಿಸು ಎಂದರು. ತಿರುಗಿ ನೋಡಿದರೆ ದಾಜಿ ಕಿಟಕಿಯಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದರು.

ಮತ್ತೆ ಭಾಲ್ಕಿ

ಮಾಲನ್ನೆಲ್ಲ ಪೆಟ್ಟಿಗೆಗೆ ತುಂಬಿ ಕಂಪನಿಗೆ ವಾಪಸು ಕಳಿಸಿದೆ. ಸಾಹೇಬರು ಫೋನು ಮಾಡಿ, ಒಂದು ಪೋಸ್ಟರಿಗೆ ಇಷ್ಟು ಹೆದರಿದರೆ ಹೇಗೆ, ಮುಂದಿನ ವರ್ಷ ಪ್ಯಾರಿಸ್ ಇದೆ ಎಂದರು. ಪ್ಯಾರಿಸ್ಸಿನಲ್ಲೂ ಶೌಚಾಲಯಗಳಿರುತ್ತವೆ ಎಂದು ಹೇಳಿ ಫೋನು ಇಟ್ಟೆ. ಕಪಾಟಿನಲ್ಲಿ ಖಾಲಿಯಾದ ಜಾಗಕ್ಕೆ ನಾನೇ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿದೆ: ಯಾರ ಚಹಾದಲ್ಲೂ ಅವರಿಗೆ ಹೇಳದೆ ಏನನ್ನೂ ಹಾಕಬಾರದು, ಅದು ಅಪರಾಧ. ಓದಿದವರಲ್ಲಿ ಇಬ್ಬರು ಒಳಗೆ ಬಂದು, ಹಾಕುವುದಕ್ಕೆ ಏನು ಸಿಗುತ್ತದೆ ಎಂದು ಕೇಳಿದರು.

ಈಗ ದಾಜಿ ವಾರಕ್ಕೆ ಒಂದೆರಡು ಸಲ ಔರಾದಿನಿಂದ ಬಸ್ಸು ಹಿಡಿದು ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ. ನನ್ನ ಜೊತೆ ಹೆಚ್ಚು ಮಾತಿಲ್ಲ. ಸೆರಗು ಬಾಯಿಗೆ ಹಿಡಿದು ಯಾರಾದರೂ "ಅದು ಕೊಡ್ರಿ" ಎಂದರೆ ನಾನು ಬಾಯಿ ತೆರೆಯುವ ಮೊದಲೇ ಅವರು ಕರೆದು ಕೂರಿಸಿಕೊಳ್ಳುತ್ತಾರೆ. ತಮಗೆ ಏನಾಯಿತು, ಎಷ್ಟು ಡಾಕ್ಟರನ್ನು ಕಂಡರು, ಯಾವ ಕಂಬದಿಂದ ಕೊನೆಯ ಸಲ ಇಳಿದರು, ಎಲ್ಲ ಹೇಳುತ್ತಾರೆ. ಕುಡಿತ ಬಿಡಿಸುವ ಡಾಕ್ಟರು ಬೀದರಿನಲ್ಲಿದ್ದಾರೆ, ಅವರೂ ಗುಳಿಗೆ ಕೊಡುತ್ತಾರೆ, ಆದರೆ ಕುಡಿಯುವವನಿಗೇ ಹೇಳಿ, ಅವನನ್ನು ಒಪ್ಪಿಸಿ ಕೊಡುತ್ತಾರೆ, ಗಂಡನನ್ನು ಅಲ್ಲಿಗೆ ಕರೆದುಕೊಂಡು ಹೋಗು ಎನ್ನುತ್ತಾರೆ. ಇಷ್ಟು ಕೇಳಿದ ಮೇಲೂ ಕೆಲವರು ಎದ್ದು ಮುಂದಿನ ಮೆಡಿಕಲ್ಲಿಗೆ ಹೋಗುತ್ತಾರೆ.

ಕಳೆದ ವಾರ ಬಂದವಳು ಠಾಣಾ ಕುಶನೂರಿನವಳು, ಮೂವತ್ತರ ಒಳಗಿನ ಹೆಣ್ಣುಮಗಳು. ಕೊನೆಯ ತನಕ ಕೂತು ಕೇಳಿದಳು. ಎದ್ದು ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಅವಳಿಗೆ ಒಂದು ಸಂಶಯ ಬಂತು.

"ಖರೆ ಹೇಳ್ರಿ ಕಾಕಾ. ಅಷ್ಟ್ ಹನಿ ಕುಡಿದ್ರಲ್ಲ, ಕಡೀಗಿ ಸೆರೆ ಬಿಟ್ರಿಲ್ಲೋ?"

"ಇಲ್ಲವ್ವಾ," ಎಂದರು ದಾಜಿ. "ಮನ್ಯಾಗ ಚಾ ಕುಡಿಯೋದು ಬಿಟ್ಟೀನಿ."